ಕರಡಮ್ಮ ಹರಳು ಓದಿದ್ದು

ಮೂವತ್ತಾರು ವರ್ಷ ಒಂದೇ ಅಚ್ಚುಕೂಟದಲ್ಲಿ ಕೂತು ಕರಡು ತಿದ್ದಿದವರನ್ನು ಜನ ಬೇರೆ ಏನಂತ ಕರೆದಾರು? ಎದುರಿಗೆ ಕರಡಮ್ಮ ಅಂದರು. ಬೆನ್ನ ಹಿಂದೆ, ಅಚ್ಚುಮೊಳೆ ಜೋಡಿಸುವವರೆಲ್ಲ ಸೇರಿಕೊಂಡು, ಕೊನೆಯ ‘ಮ್ಮ’ ಕಿತ್ತುಹಾಕಿ, ‘ಡ’ಕ್ಕೆ ಒಂದು ಗುಡಿಸು ಕೊಟ್ಟು, ಕರಡಿ ಅಂದರು. ಅದು ಕರಡಮ್ಮನವರ ಕಿವಿಗೂ ಬಿದ್ದಿತ್ತು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ದಿನ ಯಾರೋ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಕರಢಿ ಬಂತು’ ಎಂದು ಬರೆದದ್ದನ್ನು ಕಂಡಾಗ ಮಾತ್ರ ನಿಂತು, ಆ ‘ಢ’ದ ಹೊಟ್ಟೆ ಸೀಳಿದ ಗೀರನ್ನು ಹೆಬ್ಬೆರಳಿನಿಂದ ಒರೆಸಿ, ಮಿಕ್ಕದ್ದನ್ನು ಹಾಗೇ ಬಿಟ್ಟು ಮುಂದೆ ಹೋದರಂತೆ.

ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಅವರ ಕೆಂಪು ಪೆನ್ಸಿಲ್ ನಿವೃತ್ತಿಯಾಗಿರಲಿಲ್ಲ. ಔಷಧದ ಡಬ್ಬಿಯೊಳಗಿನ ಚೀಟಿ, ಬಸ್ ನಿಲ್ದಾಣದ ವೇಳಾಪಟ್ಟಿ, ಲಿಫ್ಟಿನ ಬಾಗಿಲಿಗೆ ಅಂಟಿಸಿದ ಸೂಚನೆ, ಯಾವುದೂ ಅವರ ಕೈಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವರಿದ್ದದ್ದು ಮಗ ಸೊಸೆಯ ಜೊತೆ, ಮೂರನೆಯ ಮಹಡಿಯ ಒಂದು ಮನೆಯಲ್ಲಿ. ಮಗ ಹಲ್ಲಿನ ಡಾಕ್ಟರು. ಸೊಸೆಯೂ ಡಾಕ್ಟರೇ, ಆದರೆ ಕಲ್ಲಿನ ಡಾಕ್ಟರು. ವಿಶ್ವವಿದ್ಯಾಲಯದಲ್ಲಿ ಹಳೆಯ ಬಂಡೆಗಳ ರಸಾಯನ ಅಧ್ಯಯನ ಮಾಡುವವಳು. ಬಾಗಿಲ ಮೇಲೆ ಇಬ್ಬರ ಫಲಕವೂ ಅಕ್ಕಪಕ್ಕ ಇದ್ದದ್ದರಿಂದ ಆಗಾಗ ಎಡವಟ್ಟಾಗುತ್ತಿತ್ತು. ಕೆಳಗಿನ ಮನೆಯ ಮುದುಕರೊಬ್ಬರು ಸ್ಕ್ಯಾನಿಂಗ್ ವರದಿ ಹಿಡಿದು ಬಂದು, “ಮೂತ್ರಪಿಂಡದಲ್ಲಿ ಕಲ್ಲಿದೆಯಂತಮ್ಮಾ, ಸ್ವಲ್ಪ ನೋಡಿ” ಅಂದಿದ್ದರು. ಸೊಸೆ ವರದಿಯನ್ನು ಗಂಭೀರವಾಗಿ ತಿರುವಿ ಹಾಕಿ, “ನಿಮ್ಮದು ತೀರಾ ಹೊಸ ಕಲ್ಲು ಸರ್. ನಾನು ಇನ್ನೂರು ಕೋಟಿ ವರ್ಷಕ್ಕಿಂತ ಚಿಕ್ಕದನ್ನ ಮುಟ್ಟಲ್ಲ” ಎಂದು ಅವರನ್ನು ಸರಿಯಾದ ಆಸ್ಪತ್ರೆಗೆ ಕಳಿಸಿದ್ದಳು.

“ನಮ್ಮ ಮನೇಲಿ ಮೂರು ಜನಾನೂ ತೂತು ಹುಡುಕಿಯೇ ಹೊಟ್ಟೆ ಹೊರೆಯೋರು” ಎಂದು ಮಗ ಬಂದವರಿಗೆಲ್ಲ ಹೇಳುತ್ತಿದ್ದ. “ನಾನು ಹಲ್ಲಲ್ಲಿ, ಅಮ್ಮ ಬರಹದಲ್ಲಿ, ಇವಳು ಹರಳಲ್ಲಿ.”

ಆ ಭಾನುವಾರ ಸಂಜೆ ಸೊಸೆ ಒಂದು ಕಟ್ಟು ಕಾಗದ ತಂದು ಅತ್ತೆಯ ಮುಂದಿಟ್ಟಳು. ಗುರುವಾರ ಅದೇ ಊರಿನಲ್ಲಿ ದೊಡ್ಡ ಸಮ್ಮೇಳನ. ಅವಳು ಓದಬೇಕಾದ ಪ್ರಬಂಧ ಅದು. ನಾಲ್ಕು ವರ್ಷದ ದುಡಿಮೆ.

“ಅತ್ತೆ, ಕಾಗುಣಿತ ಒಂದು ನೋಡ್ಕೊಡಿ. ಕಾಗುಣಿತ ಮಾತ್ರ. ವಾಕ್ಯ ಮುಟ್ಬೇಡಿ, ವಿಷಯ ಅಂತೂ ಬೇಡವೇ ಬೇಡ.”

“ವಿಷಯ ಏನು ಅಂತ ಗೊತ್ತಿಲ್ದೆ ಕಾಗುಣಿತ ಹೇಗೆ ನೋಡೋದು? ಈ ಪದ ‘ಕಂಡ’ವೋ ‘ಖಂಡ’ವೋ ಅಂತ ನಾನು ಯಾರನ್ನ ಕೇಳ್ಲಿ?”

ಸೊಸೆ ಉಸ್ಸೆಂದು ಕೂತಳು. ಅತ್ತೆ ಇದನ್ನೇ ಕಾಯುತ್ತಿದ್ದರು ಎಂಬುದು ಅವಳಿಗೂ ಗೊತ್ತಿತ್ತು.

“ಜಿರ್ಕಾನ್ ಅಂತ ಒಂದು ಹರಳು. ಎರಡು ಕೂದಲು ಪಕ್ಕಪಕ್ಕ ಇಟ್ಟಷ್ಟು ಅಗಲ, ಅಷ್ಟೇ. ಕರಗಿದ ಬಂಡೆ ಆರ್ತಾ ಬರುವಾಗ ಅದರೊಳಗೆ ಹುಟ್ಟುತ್ತೆ. ಹುಟ್ಟುವಾಗ ಒಂಚೂರು ಯುರೇನಿಯಂ ನುಂಗಿರುತ್ತೆ. ಆ ಯುರೇನಿಯಂ ಒಂದೇ ಹದದಲ್ಲಿ ಸೀಸ ಆಗ್ತಾ ಹೋಗುತ್ತೆ. ಎಷ್ಟು ಸೀಸ ಆಗಿದೆ ಅಂತ ಅಳೆದ್ರೆ ಹರಳಿನ ವಯಸ್ಸು ಸಿಗುತ್ತೆ.”

“ಪಾಪ, ವಯಸ್ಸು ಮುಚ್ಚಿಡೋ ಹಾಗೇ ಇಲ್ಲ.”

“ಬಂಡೆ ಸವೆದು ಮರಳಾಗಲಿ, ಮತ್ತೆ ಕಾದು ಕರಗಲಿ, ಈ ಹರಳು ಸುಲಭಕ್ಕೆ ಸಾಯಲ್ಲ. ಹಳೇದರ ಮೇಲೆ ಹೊಸ ಪದರ ಬೆಳೆಯುತ್ತೆ, ಈರುಳ್ಳಿ ಥರ. ಯಾವ ಪಾಕದಲ್ಲಿ ಹುಟ್ಟಿತೋ ಆ ಪಾಕದ ರುಚಿ ಆಯಾ ಪದರದಲ್ಲಿ ಉಳ್ಕೊಂಡಿರುತ್ತೆ. ನೀರು ಕುಡಿದ ಬಂಡೆ ಆಳಕ್ಕಿಳಿದು ಕರಗಿದ್ರೆ ಒಂದು ರುಚಿ. ಒಣ ಬಂಡೆ ಇದ್ದಲ್ಲೇ ಕರಗಿದ್ರೆ ಇನ್ನೊಂದು.”

“ಅದು ತಿಳ್ಕೊಂಡು ಏನ್ ಮಾಡ್ತೀರಿ?”

“ಭೂಮಿ ಮೇಲೆ ಮೊದಲು ಖಂಡಗಳು ಹೇಗೆ ಬಂದವು ಅಂತ ಹೇಳ್ತೀವಿ. ಆ ಕಾಲದ ಬಂಡೆಗಳು ಬಹುಪಾಲು ಉಳಿದಿಲ್ಲ. ಸಾಕ್ಷಿ ಅಂತ ಇರೋದು ಈ ಹರಳುಗಳೇ.”

ಇಲ್ಲಿ ತಳದ ಮೇಷ್ಟ್ರ ಪ್ರವೇಶವಾಗಬೇಕು. ಅವರು ಸೊಸೆಗೆ ಪಾಠ ಹೇಳಿಕೊಟ್ಟ ಗುರುಗಳು. ಎಪ್ಪತ್ತು ದಾಟಿದ, ಎತ್ತರದ, ಗಟ್ಟಿ ಗಂಟಲಿನ ಮನುಷ್ಯ. ಮೊದಮೊದಲು ಭೂಮಿಯ ಮೇಲೆ ಲಾವಾದ ಮೇಲೆ ಲಾವಾ ಬಿದ್ದು ದಪ್ಪಗಾಯಿತು, ಒಲೆಯ ಮೇಲೆ ಮರೆತ ಪಾತ್ರೆಯ ಹಾಗೆ ಅದರ ತಳ ಹತ್ತಿ ಕರಗಿತು, ಹಗುರವಾದದ್ದು ಮೇಲೆ ತೇಲಿ ಖಂಡವಾಯಿತು ಎಂಬುದು ಅವರ ವಾದ. ಜೀವಮಾನವಿಡೀ ತಳ, ತಳ ಎಂದು ಹೇಳಿ ಹೇಳಿ ಆ ಹೆಸರೇ ಅಂಟಿಕೊಂಡಿತ್ತು. ಸೊಸೆಯದು ಅದಕ್ಕೆ ನೇರ ವಿರುದ್ಧ. ಸಮುದ್ರದಡಿಯ ನೆನೆದ ಬಂಡೆಯ ಹಾಳೆ ಇನ್ನೊಂದರ ಕೆಳಗೆ ಜಾರಿ, ಆಳಕ್ಕೆ ಹೋಗಿ ಕರಗಿತು, ಅದೂ ಮೊದಲಿನಿಂದಲೇ, ಎಂಬುದು ಅವಳ ನಂಬಿಕೆ. ಗುರು ಶಿಷ್ಯೆಗೆ ಈ ವಿಷಯದಲ್ಲಿ ಹತ್ತು ವರ್ಷದಿಂದ ಎಣ್ಣೆ ಸೀಗೆಕಾಯಿ. ಎದುರಾದಾಗ ನಮಸ್ಕಾರ ಮಾಡುತ್ತಿದ್ದರು, ಅಷ್ಟರ ಮೇಲೆ ಮಾತು ಬೆಳೆಯುತ್ತಿರಲಿಲ್ಲ.

ಈಗ ಸೊಸೆಯ ಕೈಗೆ ಆರು ಹರಳು ಸಿಕ್ಕಿದ್ದವು. ವಯಸ್ಸು ಸರಾಸರಿ ಮುನ್ನೂರ ಅರವತ್ತು ಕೋಟಿ ವರ್ಷ. ರುಚಿ ನೀರಿನದು. ಗುರುವಾರ ಮೇಷ್ಟ್ರನ್ನು ಮೊದಲ ಸಾಲಿನಲ್ಲಿ ಕೂರಿಸಿ ಈ ಆರನ್ನೂ ಪರದೆಯ ಮೇಲೆ ತೋರಿಸುವುದನ್ನು ನೆನೆದರೇ ಅವಳ ಮುಖ ಅರಳುತ್ತಿತ್ತು.

“ನೋಡ್ಕೊಡ್ತೀರಾ ತಾನೇ?”

“ಕಾಗುಣಿತ ಮಾತ್ರ” ಎಂದರು ಕರಡಮ್ಮ, ಆಗಲೇ ಭೂತಗನ್ನಡಿ ಒರೆಸುತ್ತ.

ಸೋಮವಾರ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಕರಡಮ್ಮ ಕಿಟಕಿಯ ಪಕ್ಕದ ಮೇಜಿಗೆ ಕೂತರು. ಮಧ್ಯಾಹ್ನದೊಳಗೆ ಹದಿನೇಳು ಕಾಗುಣಿತದ ತಪ್ಪು ಸಿಕ್ಕವು. ಒಂದು ಕಡೆಯಂತೂ ‘ಶಿಲಾಪಾಕ’ ಹೋಗಿ ‘ಶಿಲಾಪಾಪ’ ಆಗಿತ್ತು. ಅಷ್ಟಕ್ಕೇ ಕಟ್ಟು ಕಟ್ಟಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೊನೆಯಲ್ಲಿ ಒಂದು ಹಾಳೆ ತುಂಬ ಚಿತ್ರಗಳಿದ್ದವು. ಚಿತ್ರದ ಕೆಳಗೆ ಬರಹವಿದ್ದರೆ ಚಿತ್ರವನ್ನೂ ನೋಡಬೇಕು ಎಂಬುದು ಅಚ್ಚುಕೂಟದ ಕಟ್ಟುನಿಟ್ಟು. ಹಸುವಿನ ಚಿತ್ರದ ಕೆಳಗೆ ಹಡಗು ಎಂದು ಅಚ್ಚಾಗಿ ಮಾನ ಹೋದ ಪ್ರಸಂಗಗಳು ಅವರಿಗೆ ಗೊತ್ತಿದ್ದವು.

ಆರು ಹರಳುಗಳ ಚಿತ್ರ. ಎಲೆಕ್ಟ್ರಾನುಗಳ ಕಿರಣ ಬಿಟ್ಟು ಹೊಳೆಯಿಸಿ ತೆಗೆದದ್ದಂತೆ. ಒಳಗಿನ ಪದರಗಳೆಲ್ಲ ಕಪ್ಪು ಬಿಳುಪಿನ ಗೆರೆಗಳಾಗಿ ಕಾಣುತ್ತಿದ್ದವು. ಪ್ರತಿ ಹರಳಿನಲ್ಲೂ ನಡುವೆ ಒಂದು ಕಪ್ಪು ತಿರುಳು, ಸುತ್ತ ಬೆಳ್ಳಗಿನ ಸಿಪ್ಪೆ. ಜೊತೆಗೆ ಒಂದೊಂದು ದುಂಡನೆಯ ಗುಂಡಿ. ಲೇಸರ್ ಕಿರಣದಿಂದ ಚೂರು ಕೊರೆದು, ಆ ಪುಡಿಯನ್ನು ಯಂತ್ರಕ್ಕೆ ಕೊಟ್ಟು ವಯಸ್ಸು, ರುಚಿ ಎರಡನ್ನೂ ಅಳೆದ ಜಾಗ. ಕೆಳಗಿನ ಬರಹ ಹೇಳುತ್ತಿತ್ತು: ‘ಗುಂಡಿಗಳು ತಿರುಳಿನಲ್ಲಿವೆ.’

ಕರಡಮ್ಮ ಭೂತಗನ್ನಡಿ ಹಿಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. ಎದ್ದುಹೋಗಿ ಒಂದು ಲೋಟ ಕಾಫಿ ಕುಡಿದು ಬಂದು ಮತ್ತೆ ನೋಡಿದರು. ಆಮೇಲೆ ಕೆಂಪು ಪೆನ್ಸಿಲಿನಲ್ಲಿ, ಬಹಳ ಸಣ್ಣಗೆ, ಆರೂ ಚಿತ್ರಗಳ ಪಕ್ಕ ಆರು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಸಂಜೆ ಸೊಸೆ ಚಪ್ಪಲಿ ಬಿಡುವಷ್ಟರಲ್ಲೇ ಕಟ್ಟು ಬಿಚ್ಚಿ ನೋಡಿದಳು. ‘ಶಿಲಾಪಾಪ’ಕ್ಕೆ ಬಿದ್ದು ಬಿದ್ದು ನಕ್ಕಳು. ಕೊನೆಯ ಹಾಳೆಗೆ ಬಂದಾಗ ನಗು ನಿಂತಿತು.

“ಇದೇನು ಅತ್ತೆ?”

“ಕೆಳಗೆ ‘ತಿರುಳಿನಲ್ಲಿವೆ’ ಅಂತ ಬರ್ದಿದ್ದೀಯ. ನನ್ನ ಕಣ್ಣಿಗೆ ಗುಂಡಿ ತಿರುಳಲ್ಲಿ ಅರ್ಧ, ಸಿಪ್ಪೇಲಿ ಅರ್ಧ ಇರೋ ಹಾಗೆ ಕಾಣ್ತಿದೆ. ಬರಹ ತಪ್ಪೋ ಚಿತ್ರ ತಪ್ಪೋ ನನಗೆ ಗೊತ್ತಾಗ್ಲಿಲ್ಲ. ಅದಕ್ಕೇ ಪ್ರಶ್ನೆ ಹಾಕಿದೆ.”

“ನಾನು ಹೇಳಿದ್ದು ಅಕ್ಷರ ನೋಡಿ ಅಂತ, ಹರಳು ನೋಡಿ ಅಂತಲ್ಲ.” ಸೊಸೆಯ ದನಿ ತೆಳ್ಳಗಾಗಿತ್ತು. “ನಾಲ್ಕು ವರ್ಷ ನೋಡಿದ್ದೀನಿ ನಾನು. ನೀವು ಒಂದು ಮಧ್ಯಾಹ್ನ ನೋಡಿದ್ದೀರಿ.”

“ಹೌದಮ್ಮ. ಅದಕ್ಕೇ ಕಂಡಿರಬಹುದು.”

ಮಾತು ಬಾಯಿಂದ ಜಾರಿದ ಮೇಲೆ ಕರಡಮ್ಮನವರಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಮನೆಗೆ ಬಂದ ಸೊಸೆಗೆ ಎದುರು ಮಾತಾಡದೆ ಒಂಬತ್ತು ವರ್ಷ ಸಾಗಿಸಿದ್ದವರು ಅವರು; ತಿದ್ದುವ ಚಟ ಅಡುಗೆಮನೆಗೆ ಕಾಲಿಡಬಾರದೆಂದು ತಮಗೆ ತಾವೇ ಬೇಲಿ ಹಾಕಿಕೊಂಡಿದ್ದರು. ಅಷ್ಟರಲ್ಲಿ ಮಗ ಒಳಗೆ ಬಂದ. ಇಬ್ಬರ ಮುಖ ನೋಡಿದ, ಮೇಜಿನ ಮೇಲಿನ ಚಿತ್ರ ನೋಡಿದ, ಕೈಗೆತ್ತಿಕೊಂಡ.

“ಯಾರಪ್ಪ ಇದನ್ನ ಕೊರೆದದ್ದು? ಎರಡು ಹಲ್ಲಿನ ಸಂದೀಲಿ ಕೊರೆದ ಹಾಗಿದೆ. ಇದರಲ್ಲಿ ಯಾವ ಹಲ್ಲಿಗೆ ನೋವು ಅಂತ ಹೇಗೆ ಹೇಳ್ತೀರಿ?”

ಸೊಸೆ ಹಾಳೆ ಕಿತ್ತುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗ ತಾಯಿಯ ಕಡೆ ತಿರುಗಿ, “ನಾನೇನಂದೆ ಈಗ?” ಎಂದ. ಆ ರಾತ್ರಿ ಊಟದಲ್ಲಿ ಉಪ್ಪು ಕಡಿಮೆಯಿದ್ದರೂ ಯಾರೂ ಕೇಳಲಿಲ್ಲ.

ಬೆಳಗ್ಗೆ ಕರಡಮ್ಮ ಒಲೆಯ ಮುಂದೆ ಹಾಲು ಕಾಯಿಸುತ್ತ ನಿಂತಿದ್ದಾಗ ಸೊಸೆ ಬಂದು ಪಕ್ಕದಲ್ಲಿ ನಿಂತಳು. ಕಣ್ಣು ಊದಿಕೊಂಡಿತ್ತು.

“ಆರಲ್ಲ ಅತ್ತೆ. ಐದು. ಮೂರನೇದು ಪೂರ್ತಿ ಸಿಪ್ಪೇಲಿದೆ, ಗೆರೆ ದಾಟಿಲ್ಲ.”

“ಹಾಗಾದ್ರೆ ಒಂದು ತಪ್ಪು ನನ್ನದು.”

“ಆರರ ವಯಸ್ಸೂ ಬೇರೆ ಬೇರೆ ಬಂದಿತ್ತು. ಮುನ್ನೂರ ಐವತ್ತೆರಡು, ಐವತ್ತೇಳು, ಅರವತ್ತೊಂಬತ್ತು... ಮೂರನೇದಂತೂ ಮುನ್ನೂರ ನಲವತ್ತೂ ಮುಟ್ಟಿರಲಿಲ್ಲ. ಅದು ಹಾಳಾದ ಹರಳು ಅಂದ್ಕೊಂಡೆ. ಮಿಕ್ಕಿದ್ದು ಯಂತ್ರದ ಏರುಪೇರು ಅಂದ್ಕೊಂಡು ಸರಾಸರಿ ತೆಗೆದೆ.” ಅವಳು ಒಲೆಯ ಕಟ್ಟೆಗೆ ಒರಗಿದಳು. “ತಿರುಳು ವಯಸ್ಸು ಕೊಡ್ತು, ಸಿಪ್ಪೆ ರುಚಿ ಕೊಡ್ತು. ಎರಡನ್ನೂ ಕಲಸಿ ನಾನು ಒಂದು ಕಥೆ ಕಟ್ಟಿದೆ. ಗುರುವಾರ ಹೋಗಲ್ಲ. ಹುಷಾರಿಲ್ಲ ಅಂತ ಹೇಳಿ ಕಳಿಸ್ತೀನಿ.”

ಹಾಲು ಉಕ್ಕಿತು. ಕರಡಮ್ಮ ಒಲೆ ಆರಿಸಿ, ಬಟ್ಟೆ ತಂದು ಒರೆಸುತ್ತ, ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಹೇಳಿದರು.

“ನಾನು ಕೆಲಸಕ್ಕೆ ಸೇರಿ ಏಳು ವರ್ಷ ಆಗಿತ್ತು. ಊರಿನ ಮೂವತ್ತೆರಡು ಜನ ಕವಿಗಳ ಪದ್ಯ ಸೇರಿಸಿ ಒಂದು ಪುಸ್ತಕ. ಒಳಗಿನ ಇನ್ನೂರು ಪುಟದಲ್ಲಿ ಒಂದು ತಪ್ಪಿಲ್ಲ, ಅಷ್ಟು ಚೆನ್ನಾಗಿ ಓದಿದ್ದೆ. ಮುಖಪುಟದಲ್ಲಿ ಏನಿತ್ತು ಗೊತ್ತಾ? ‘ಮೂವತ್ತೆರಡು ಕಪಿಗಳ ಆಯ್ದ ರಚನೆಗಳು.’”

ಸೊಸೆ ತಲೆಯೆತ್ತಿದಳು. “ಕಪಿ?”

“ವ ಇರೋ ಕಡೆ ಪ. ದೊಡ್ಡ ಅಕ್ಷರದಲ್ಲಿ, ನೀಲಿ ಬಣ್ಣದಲ್ಲಿ. ನಾಲ್ಕು ಸಲ ಓದಿದ್ದೆ ಕಣೇ ಅದನ್ನ. ನಾಲ್ಕು ಸಲಾನೂ ಕವಿ ಅಂತಲೇ ಓದಿದ್ದೆ. ಅಲ್ಲಿ ಇನ್ನೇನು ಇರೋಕೆ ಸಾಧ್ಯ ಅಂತ ಮೊದಲೇ ಗೊತ್ತಲ್ಲ! ಮನಸ್ಸು ಇರೋದನ್ನ ಬಿಟ್ಟು ಇರಬೇಕಾದ್ದನ್ನೇ ನೋಡುತ್ತೆ.”

“ಆಮೇಲೆ?”

“ಯಜಮಾನರ ಹತ್ರ ನಾನೇ ಹೋಗಿ ಹೇಳ್ದೆ. ಬೇರೆಯವರು ಹೇಳೋಕೆ ಮುಂಚೆ. ಎರಡು ದಿನ ಕೂತು ಐನೂರು ಪ್ರತಿಗೂ ಕೈಯಾರೆ ‘ಪ’ವನ್ನ ‘ವ’ ಮಾಡಿದೆ. ಬಿಡುಗಡೆ ದಿನ ವಿಷಯ ಹೇಗೋ ಹೊರಗೆ ಬಂತು. ಅವರಲ್ಲಿ ಹಿರಿಯರೊಬ್ಬರು ಬಂದು, ನನಗೆ ತಿದ್ದದೇ ಇರೋ ಪ್ರತಿ ಒಂದು ಕೊಡಮ್ಮ, ಮಿಕ್ಕ ಮೂವತ್ತೊಂದು ಜನರ ಬಗ್ಗೆ ನನ್ನ ಅಭಿಪ್ರಾಯ ಅದೇ, ಅಂದ್ರು.”

ಸೊಸೆಗೆ ಅಳುವುದೋ ನಗುವುದೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. ಮೂಗು ಒರೆಸಿಕೊಂಡಳು. ಆಮೇಲೆ, “ಹರಳುಗಳು ಇನ್ನೂ ಲ್ಯಾಬಲ್ಲೇ ಇವೆ” ಎಂದಳು ನಿಧಾನವಾಗಿ. “ಗುಂಡಿ ಚಿಕ್ಕದು ಮಾಡಿ, ತಿರುಳು ಬೇರೆ, ಸಿಪ್ಪೆ ಬೇರೆ ಅಳೀಬಹುದು. ಇವತ್ತು ನಾಳೆ ಎರಡೇ ದಿನ. ಯಂತ್ರ ಸಿಗಬೇಕು. ಮತ್ತೆ ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲ. ಬರ್ತೀರಾ?”

“ಕಾಗುಣಿತ ಮಾತ್ರ ಅಂದಿದ್ಯಲ್ಲ?”

“ಅತ್ತೆ!”

“ಬರ್ತೀನಿ, ಬರ್ತೀನಿ. ಕನ್ನಡಕ ತಗೊಳ್ಳೋಕೆ ಬಿಡು.”

ಪ್ರಯೋಗಾಲಯವಿದ್ದದ್ದು ವಿಶ್ವವಿದ್ಯಾಲಯದ ಹಿಂಭಾಗದ ನೆಲಮಾಳಿಗೆಯಲ್ಲಿ. ಒಂದು ಕೋಣೆಯಲ್ಲಿ ಬಂಡೆ ಪುಡಿ ಮಾಡುವ ಯಂತ್ರ, ಮುಂದಿನದರಲ್ಲಿ ಪುಡಿಯನ್ನು ನೀರಿನಲ್ಲಿ ಅಲುಗಾಡಿಸಿ ಭಾರದ ಕಾಳು ಬೇರೆ ಮಾಡುವ ಮೇಜು, ಅದರ ಮುಂದಿನದರಲ್ಲಿ ಸೂಕ್ಷ್ಮದರ್ಶಕ. ನಾಣ್ಯದಷ್ಟಗಲದ ಅಂಟಿನ ಬಿಲ್ಲೆಯೊಂದರಲ್ಲಿ ಆ ಆರೂ ಸೇರಿ ಅದೇ ಬಂಡೆಯ ನೂರ ಹನ್ನೆರಡು ಹರಳುಗಳು ಸಾಲಾಗಿ ಕೂತಿದ್ದವು. ಕರಡಮ್ಮ ಕಣ್ಣಿಟ್ಟು ನೋಡಿದಾಗ ಮೊದಲು ತಮ್ಮ ರೆಪ್ಪೆಯೇ ಕಂಡಿತು. ಗಾಲಿ ತಿರುಗಿಸಿದ ಮೇಲೆ ಜೇನಿನ ಬಣ್ಣದ, ಎರಡೂ ತುದಿ ಚೂಪಾದ ಹರಳುಗಳು ಒಂದೊಂದಾಗಿ ಬೆಳಕಿಗೆ ಬಂದವು.

“ಇಷ್ಟು ಚೆಂದ ಇವೆ ಅಂತ ನೀನು ಹೇಳಲೇ ಇಲ್ಲ” ಎಂದರು.

“ನೀವು ಕೇಳಲೇ ಇಲ್ಲ.”

ಇಬ್ಬರೂ ಮೇಜಿನ ಎರಡು ಬದಿಗೆ ಕೂತರು. ಕರಡಮ್ಮನವರ ಹಳೆಯ ಪದ್ಧತಿ: ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ತಾಳೆ ನೋಡಬೇಕು. ಸೊಸೆ ಹರಳಿನ ಸಂಖ್ಯೆ ಹೇಳುವುದು, ಅತ್ತೆ ಹೊಳಪಿನ ಚಿತ್ರದಲ್ಲಿ ತಿರುಳಿನ ಅಂಚು ಎಲ್ಲಿ ಮುಗಿಯಿತು, ಬಿರುಕು ಎಲ್ಲಿದೆ, ಚಿಕ್ಕ ಗುಂಡಿಗೆ ಎಷ್ಟು ಜಾಗವಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುವುದು. ಬಿರುಕು ಬಿಟ್ಟ ಹರಳಿಗೆ, ಅಚ್ಚುಕೂಟದಲ್ಲಿ ಅಕ್ಷರ ತೆಗೆದುಹಾಕಲು ಬಳಸುವ ಸುರುಳಿ ಚಿಹ್ನೆ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ನೂರ ಹನ್ನೆರಡರಲ್ಲಿ ಇಪ್ಪತ್ತಮೂರು ಉಳಿದವು. ಸೊಸೆಯ ಮೆಚ್ಚಿನ ಹನ್ನೆರಡನೆಯ ಹರಳೂ ಸುರುಳಿಗೆ ಸಿಕ್ಕಿತು.

“ಅದನ್ನ ಬಿಟ್ಬಿಡಿ ಅತ್ತೆ, ಪ್ಲೀಸ್. ಎಷ್ಟು ಮುದ್ದಾಗಿದೆ!”

“ಮುದ್ದಾಗಿದ್ರೆ ಮನೇಲಿಟ್ಕೋ. ಹೊಟ್ಟೇಲಿ ಬಿರುಕಿದೆ.”

ಬುಧವಾರ ಬೆಳಗ್ಗೆ ವಯಸ್ಸು ಅಳೆಯುವ ಯಂತ್ರದ ಕೋಣೆ. ಆ ಯಂತ್ರವನ್ನು ನೋಡಿಕೊಳ್ಳುವ ಹೆಂಗಸಿಗೆ ಎಲ್ಲರೂ ಯಂತ್ರದ ಯಜಮಾನಿ ಎನ್ನುತ್ತಿದ್ದರು. ಹೆತ್ತ ಮಗುವಿನ ಹಾಗೆ ಅದನ್ನು ಕಾಯುತ್ತಿದ್ದ ಆಕೆಯ ಬಳಿ ಸರದಿ ಬಿಟ್ಟು ಸಮಯ ಕೇಳಿದವರು ಉದ್ಧಾರವಾದದ್ದಿಲ್ಲ. ಸೊಸೆ ಬಾಯಿ ತೆರೆಯುವ ಮೊದಲೇ, “ಮುಂದಿನ ತಿಂಗಳು ಹದಿನಾಲ್ಕನೇ ತಾರೀಕು” ಎಂಬ ಉತ್ತರ ಬಂತು.

ಕರಡಮ್ಮನವರ ಗಮನ ಅಲ್ಲಿರಲಿಲ್ಲ. ಅವರು ಬಾಗಿಲ ಮೇಲಿನ ಫಲಕದ ಮುಂದೆ ನಿಂತುಬಿಟ್ಟಿದ್ದರು. ‘ಶಬ್ಧ ಮಾಡಬೇಡಿ.’ ಅವರ ಕೈ ತಾನಾಗಿಯೇ ಚೀಲದೊಳಗೆ ಹೋಗುವುದನ್ನು ಸೊಸೆ ನೋಡಿದಳು. ಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡಳು. ಅಷ್ಟರಲ್ಲಿ ಕೆಂಪು ಪೆನ್ಸಿಲ್ ಹೊರಬಂದಾಗಿತ್ತು.

“ಏನ್ರೀ ಅದು, ನಮ್ಮ ಬೋರ್ಡ್ ಮೇಲೆ ಗೀಚ್ತಿದ್ದೀರಾ?”

“ಗೀಚ್ತಿಲ್ಲಮ್ಮ, ಕೇಳ್ತಿದ್ದೀನಿ. ಇಲ್ಲಿ ಸುಮ್ಮನೆ ‘ದ’ ಇದ್ರೆ ಸಾಕು. ಮಹಾಪ್ರಾಣ ಬೇಡ. ಸದ್ದು ಮಾಡಬೇಡಿ ಅಂತ ಹೇಳೋ ಬೋರ್ಡೇ ಇಷ್ಟು ಜೋರಾಗಿ ಉಸಿರು ಬಿಟ್ರೆ ಹೇಗೆ?”

ಯಜಮಾನಿ ಫಲಕದ ಹತ್ತಿರ ಬಂದು ನೋಡಿದಳು. “ಎಂಟು ವರ್ಷದಿಂದ ಇದೆ ಇದು. ಎಷ್ಟು ಪ್ರೊಫೆಸರುಗಳು ಓಡಾಡಿದ್ದಾರೆ. ಒಬ್ಬರೂ ಹೇಳಿಲ್ಲ!”

“ಯಾರೂ ಓದಿಲ್ಲ ಅಂತ ಕಾಣುತ್ತೆ.”

“ಅದಕ್ಕೇ ಇಲ್ಲಿ ನಿಂತು ಅಷ್ಟು ಗಲಾಟೆ ಮಾಡ್ತಾರೆ!” ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮುಖ ಮತ್ತೆ ಬಿಗಿಮಾಡುವುದು ಕಷ್ಟವಾಯಿತು. ಒಂದಿಷ್ಟು ಹೊತ್ತು ಪಟ್ಟಿ ತಿರುವಿ ಹಾಕಿ, ತನ್ನ ಸ್ವಂತ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ನಾಲ್ಕು ಗಂಟೆಯನ್ನು ಬಿಟ್ಟುಕೊಟ್ಟಳು. “ಆದ್ರೆ ಈ ಅಮ್ಮ ಇಲ್ಲೇ ಕೂರಬೇಕು. ಒಳಗೆ ಇನ್ನೂ ಐದು ಬೋರ್ಡ್ ಇವೆ.”

ಹೀಗೆ ಅತ್ತ ಕರಡಮ್ಮ ಫಲಕ ತಿದ್ದುತ್ತಿರುವಾಗ ಇತ್ತ ಲೇಸರ್ ಚಿಟಿಚಿಟಿ ಎನ್ನತೊಡಗಿತು. ಗುಂಡಿ ಈ ಸಲ ಮೊದಲಿನದರ ಅರ್ಧ. ಪ್ರತಿ ಸಲ ಕೊರೆಯುವ ಮೊದಲು ಸೊಸೆ ಪರದೆ ತೋರಿಸಿ, “ಗೆರೆ ದಾಟಿದೆಯಾ?” ಎನ್ನುವಳು. ಅತ್ತೆ ಕತ್ತು ಚಾಚಿ, “ಇಲ್ಲ, ಹೊಡಿ” ಎನ್ನುವರು. ಎರಡು ಸಲ “ಎಡಕ್ಕೆ ಕೂದಲಷ್ಟು” ಎಂದರು. ಕೂದಲು ಎಂದರೆ ಇಲ್ಲಿ ಬಹಳ ದೂರ ಎಂದು ಸೊಸೆ ತಿಳಿಸಿ ಹೇಳಬೇಕಾಯಿತು.

ಮಧ್ಯಾಹ್ನ ಎರಡಕ್ಕೆ ಅಂಕಿಗಳು ಬಂದವು. ಸೊಸೆ ಕುರ್ಚಿಯಿಂದ ಏಳಲಿಲ್ಲ. ತಿರುಳುಗಳೆಲ್ಲ ಮುನ್ನೂರ ಎಪ್ಪತ್ತೆಂಟು ಕೋಟಿ ವರ್ಷದ ಆಸುಪಾಸು, ಒಂದಕ್ಕೊಂದು ಅಂಟಿಕೊಂಡ ಹಾಗೆ. ರುಚಿ ಒಣ. ಸಿಪ್ಪೆಗಳೆಲ್ಲ ಮುನ್ನೂರ ಮೂವತ್ತೊಂದು. ರುಚಿ ನೀರಿನದು, ಎಳ್ಳಷ್ಟೂ ಅನುಮಾನವಿಲ್ಲದ ಹಾಗೆ. ಮುನ್ನೂರ ಅರವತ್ತು ಎಂಬುದು ಎಲ್ಲೂ ಇರಲಿಲ್ಲ. ಆ ವಯಸ್ಸಿನ ಹರಳೇ ಹುಟ್ಟಿರಲಿಲ್ಲ.

“ಒಳ್ಳೇದಾ ಕೆಟ್ಟದ್ದಾ?” ಎಂದು ಕರಡಮ್ಮ ಕೇಳಿದರು.

“ಮೊದಲು ಹುಟ್ಟಿದ ತಿರುಳಿನ ವಿಷಯದಲ್ಲಿ ಮೇಷ್ಟ್ರು ಹೇಳಿದ್ದೇ ಸರಿ. ತಳ ಹತ್ತಿಯೇ ಕರಗಿದ್ದು.” ಅವಳು ನಿಟ್ಟುಸಿರು ಬಿಟ್ಟಳು. “ನಲವತ್ತೇಳು ಕೋಟಿ ವರ್ಷ ಆದ್ಮೇಲೆ ನಾನು ಹೇಳಿದ ಹಾಗಾಯ್ತು. ನೀರು ಕುಡಿದ ಬಂಡೆ ಕೆಳಗೆ ಹೋಗಿ ಕರಗಿ, ಮೇಲೆ ಬಂದು, ಹಳೇ ಖಂಡದ ಚೂರನ್ನ ಮತ್ತೆ ಬೇಯಿಸ್ತು. ಇಬ್ಬರದ್ದೂ ಸರಿ, ಬೇರೆ ಬೇರೆ ಕಾಲಕ್ಕೆ. ಆದ್ರೆ ನಾಳೆ ಎಲ್ಲರ ಮುಂದೆ ನಿಂತು ಮೊದಲರ್ಧ ನಿಮ್ಮದೇ ಸರಿ ಅಂತ ಅವರಿಗೆ ಹೇಳ್ಬೇಕಲ್ಲ ಅತ್ತೆ! ಹತ್ತು ವರ್ಷ ಜಗಳ ಆಡಿದ್ದೀನಿ.”

“ಹೇಳಿಬಿಡು. ಅವರಿಗೂ ಜಗಳ ಆಡಿ ಸಾಕಾಗಿರುತ್ತೆ.”

“ಅವರಿಗಾ? ನೀವು ಅವರನ್ನ ನೋಡಿಲ್ಲ.”

ಗುರುವಾರ ನೋಡಿದರು. ತಳದ ಮೇಷ್ಟ್ರು ಮೊದಲ ಸಾಲಿನ ನಡುಕುರ್ಚಿಯಲ್ಲಿ, ಬೆನ್ನಿಗೆ ಸ್ವಂತ ದಿಂಬು ಇಟ್ಟುಕೊಂಡು, ಯುದ್ಧಕ್ಕೆ ಸಿದ್ಧವಾಗಿ ಕೂತಿದ್ದರು. ಕರಡಮ್ಮ ಕೊನೆಯ ಸಾಲಿನಲ್ಲಿ ಮಗನ ಪಕ್ಕ ಕೂತು ಪೆಪ್ಪರ್‌ಮಿಂಟು ಚೀಪುತ್ತಿದ್ದರು. ಮಗ ಆ ದಿನ ಕ್ಲಿನಿಕ್ಕಿಗೆ ಬೀಗ ಹಾಕಿ ಬಂದಿದ್ದ.

ಸೊಸೆ ವೇದಿಕೆ ಹತ್ತಿ ಮೊದಲು ತೋರಿಸಿದ್ದು ಹಳೆಯ ಚಿತ್ರವನ್ನೇ. ಕೆಂಪು ಪ್ರಶ್ನಾರ್ಥಕ ಚಿಹ್ನೆಗಳ ಸಮೇತ.

“ಕಾರ್ಯಕ್ರಮದ ಪುಸ್ತಕದಲ್ಲಿ ಅಚ್ಚಾಗಿರೋ ನನ್ನ ಸಾರಾಂಶ ತಪ್ಪು. ಯಾಕೆ ತಪ್ಪು ಅಂತ ಮೊದಲು ಹೇಳ್ತೀನಿ” ಎಂದಳು. ಗೆರೆ ದಾಟಿದ ಐದು ಗುಂಡಿ ತೋರಿಸಿದಳು, ಹೊಸ ಇಪ್ಪತ್ತಮೂರು ಹರಳು ತೋರಿಸಿದಳು, ಮೊದಲರ್ಧ ಗುರುಗಳದ್ದೇ ಸರಿ ಎಂದಳು, ಎರಡನೆಯ ಅರ್ಧ ತನ್ನದು ಎಂದಳು. ಇಪ್ಪತ್ತು ನಿಮಿಷ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಮುಗಿದ ಕೂಡಲೇ ಮೇಷ್ಟ್ರು ಎದ್ದರು. ದಿಂಬು ಕೆಳಗೆ ಬಿತ್ತು. “ನಲವತ್ತು ವರ್ಷದಿಂದ ಈ ಕ್ಷೇತ್ರದಲ್ಲಿದ್ದೀನಿ. ಗುಂಡಿ ಗೆರೆ ದಾಟಿದೆ ಅಂತ ತಾನಾಗಿ ಬಂದು ಹೇಳಿದವರನ್ನ ನಾನು ನೋಡಿಲ್ಲ. ನಾನೂ ಹೇಳಿಲ್ಲ” ಎಂದರು. “ಆ ಕೆಂಪು ಪ್ರಶ್ನೆ ಹಾಕಿದವರು ಯಾರು?”

“ನಮ್ಮತ್ತೆ, ಸರ್.”

“ಅವರು ಯಾವ ವಿಶ್ವವಿದ್ಯಾಲಯ?”

ಸಭೆ ಗೊಳ್ಳೆಂದಿತು. ಕರಡಮ್ಮ ಪೆಪ್ಪರ್‌ಮಿಂಟು ನುಂಗಿಬಿಟ್ಟರು. ಮಗ ಅವರ ಮೊಣಕೈ ಹಿಡಿದೆತ್ತಿ ನಿಲ್ಲಿಸಿದ.

ಚಹಾದ ಹೊತ್ತಿಗೆ ಮೊಗಸಾಲೆಯಲ್ಲಿ ಮೇಷ್ಟ್ರು ನೇರವಾಗಿ ಇವರ ಬಳಿಗೇ ಬಂದರು. ಶಿಷ್ಯೆಯ ಬೆನ್ನು ತಟ್ಟಲಿಲ್ಲ. ಅದು ಅವರಿಂದ ಆಗುವ ಕೆಲಸವಲ್ಲ. “ನಿನ್ನ ಎರಡನೇ ಅರ್ಧಕ್ಕೆ ನಾನು ಒಪ್ಪಿದೆ ಅಂತ ಎಲ್ಲೂ ಬರೀಬೇಡ. ಯೋಚನೆ ಮಾಡ್ತೀನಿ ಅಂದೆ ಅಂತ ಬೇಕಾದ್ರೆ ಬರಿ” ಎಂದರು. ಸೊಸೆಯ ಮಟ್ಟಿಗೆ ಅದು ಹಾರ ಹಾಕಿದ್ದಕ್ಕಿಂತ ಹೆಚ್ಚು. ಅವಳ ಕಿವಿ ಕೆಂಪಾದದ್ದನ್ನು ಕರಡಮ್ಮ ನೋಡಿದರು.

“ಒಂದು ಕೇಳಲಾ?” ಎಂದರು ಕರಡಮ್ಮ. “ಮೊದಲು ಒಂದು ಥರ ಆಯ್ತು ಅಂತೀರಿ, ಆಮೇಲೆ ಇನ್ನೊಂದು ಥರ. ನಡುವೆ ನಲವತ್ತೇಳು ಕೋಟಿ ವರ್ಷ ಏನು ನಡೀತು?”

ಗುರು ಶಿಷ್ಯೆಯನ್ನು ನೋಡಿದರು. ಶಿಷ್ಯೆ ಗುರುವನ್ನು ನೋಡಿದಳು.

“ಗೊತ್ತಿಲ್ಲ” ಎಂದರು ಇಬ್ಬರೂ ಒಟ್ಟಿಗೆ. ಹತ್ತು ವರ್ಷದಲ್ಲಿ ಅವರಿಬ್ಬರೂ ಒಪ್ಪಿ ಆಡಿದ ಮೊದಲ ಮಾತು ಅದು. ಮರುಕ್ಷಣವೇ ಮೇಷ್ಟ್ರು ಕಾಗದದ ಲೋಟ ಕೆಳಗಿಟ್ಟು, ತಮ್ಮ ಬಳಿ ಇನ್ನೊಂದು ಗುಡ್ಡದ ಬಂಡೆಯ ಚೂರುಗಳಿವೆ, ಇಪ್ಪತ್ತು ವರ್ಷದಿಂದ ಪೆಟ್ಟಿಗೆಯಲ್ಲೇ ಕೂತಿವೆ, ಆ ನಡುವಿನ ಕಾಲದ್ದಿರಬಹುದು ಎಂದು ಹೇಳತೊಡಗಿದರು. ಸೊಸೆ ಚೀಲದಿಂದ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದಳು. ಚಹಾ ಆರಿತು. ಅಮ್ಮ ಮಗ ಇಬ್ಬರೂ ಬಿಸ್ಕತ್ತು ಮುಗಿಸಿದರು.

ಈಗ ವಾರಕ್ಕೆ ಎರಡು ದಿನ ಕರಡಮ್ಮ ನೆಲಮಾಳಿಗೆಗೆ ಹೋಗುತ್ತಾರೆ. ಮೇಷ್ಟ್ರ ಪೆಟ್ಟಿಗೆಯಿಂದ ಬಂದ ಹರಳುಗಳ ಬಿಲ್ಲೆ ಸಿದ್ಧವಾಗಿದೆ. ಮೊನ್ನೆ ಮೂವರೂ ಒಂದು ಹರಳಿನ ಚಿತ್ರದ ಮುಂದೆ ಮುಕ್ಕಾಲು ಗಂಟೆ ವಾದ ಮಾಡಿದರಂತೆ. ಅದರಲ್ಲಿ ಎರಡು ಪದರ ಎಂದು ಮೇಷ್ಟ್ರು, ಮೂರು ಎಂದು ಸೊಸೆ. ಕರಡಮ್ಮ ಬಹಳ ಹೊತ್ತು ಕಣ್ಣಿಟ್ಟು ನೋಡಿ, ಪರದೆಯ ಗಾಜನ್ನು ಮೆಲ್ಲಗೆ ಒರೆಸಿದರು. ಮೂರನೆಯ ಗೆರೆ ಬಟ್ಟೆಗೆ ಅಂಟಿಕೊಂಡು ಬಂತು. ಉಳಿದ ಎರಡರ ವಯಸ್ಸಿನ ಬಗ್ಗೆ ವಾದ ಇನ್ನೂ ನಡೆದಿದೆ.